ಫುಲ್‌ಬ್ಯಾಕ್‌ಗೆ ಇನ್ನೊಂದು ಮೈದಾನ

ಹಾಕಿಯಲ್ಲಿ ಡಿಫೆಂಡರ್ ಆಗಿರುವ ಹುಡುಗನ ಹೆಸರು ಕಾಮೆಂಟರಿಯಲ್ಲಿ ಜೋರಾಗಿ ಕೇಳಿಬಂತೆಂದರೆ ಮನೆಮಂದಿಯ ಎದೆ ಧಸಕ್ಕೆನ್ನುತ್ತದೆ. ಮುಂದಿನ ಸಾಲಿನವನು ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ಗೋಲು ಹೊಡೆದರೆ ಅವತ್ತಿನ ಹೀರೊ ಅವನೇ. ಹಿಂದೆ ನಿಂತವನು ಐವತ್ತೊಂಬತ್ತು ನಿಮಿಷ ಒಂದೂ ಚೆಂಡನ್ನು ದಾಟಗೊಡದೆ ಆಡಿ, ಕೊನೆಯ ನಿಮಿಷದಲ್ಲಿ ಒಂದು ಟ್ಯಾಕಲ್ ತಪ್ಪಿದರೆ ಮರುದಿನದ ಪತ್ರಿಕೆಯಲ್ಲಿ ಆ ಒಂದೇ ಟ್ಯಾಕಲ್‌ನ ವರದಿ ಬರುತ್ತದೆ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ ಈ ಭಾರ ಹೊತ್ತು ನಿಲ್ಲುವುದು ಸಣ್ಣ ಮಾತಲ್ಲ. ಪ್ರತಿಭೆ ಇದ್ದೂ ಆ ವಯಸ್ಸಿನಲ್ಲಿ ಎಡವಿ, ತಂಡದಿಂದ ಹೊರಬಿದ್ದು, ಮತ್ತೆ ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಕೂತ ಹುಡುಗರ ಬಗ್ಗೆ ನಾವು ಮಾತಾಡುವುದೇ ಕಡಿಮೆ.

ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿ ಕೂತು ಹಾಕಿಯ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಇಲ್ಲಿ ಭತ್ತದ ಮಾತು ನಡೆಯುತ್ತದೆ, ನಾಲೆಗೆ ನೀರು ಯಾವಾಗ ಬಿಡುತ್ತಾರೆಂಬ ಮಾತು ನಡೆಯುತ್ತದೆ. ಆಟ ಅಂದರೆ ಹುಡುಗರಿಗೆ ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲಿನ ಕ್ರಿಕೆಟ್. ಹಾಕಿ ಅಂದರೆ ಕೊಡಗು, ಕೊಡಗು ಅಂದರೆ ಹಾಕಿ, ಅದು ನಮ್ಮದಲ್ಲ ಎಂಬುದು ಈ ಭಾಗದಲ್ಲಿ ಬೇರೂರಿದ ನಂಬಿಕೆ. ಅದಕ್ಕೇ ನಾನು ಕೊಡಗಿನಿಂದಲೇ ಶುರುಮಾಡುತ್ತೇನೆ.

ವಿರಾಜಪೇಟೆ ಕಡೆಯ ಹಾತೂರಿನ ವಿ.ಆರ್. ರಘುನಾಥ್ ಹುಟ್ಟಿದ್ದು 1988ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನ. ಹದಿಹರೆಯದಲ್ಲೇ, 2005ರಲ್ಲಿ, ಭಾರತ ತಂಡಕ್ಕೆ ಆಡಿದರು. ಫುಲ್‌ಬ್ಯಾಕ್ ಆಗಿ ನಿಲ್ಲುವ ಜೊತೆಗೆ ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ ಮಾಡುವ, ಅಂದರೆ ಚೆಂಡನ್ನು ಸ್ಟಿಕ್ಕಿನಿಂದ ಎಳೆದು ಗೋಲಿಗೆ ಎಸೆಯುವ, ಕಲೆ ಅವರಿಗೆ ಕೈವಶವಾಗಿತ್ತು. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಷ್ಟು ಬಲವಾದ ಫ್ಲಿಕ್ ಇದ್ದ ಹುಡುಗನಿಗೆ ದಾರಿ ನೇರವಾಗಿರಬೇಕಿತ್ತು. ಆದರೆ ಅವರು ಕಾಲಿಟ್ಟದ್ದು ಭಾರತದ ಹಾಕಿ ನೆಲಕಚ್ಚುತ್ತಿದ್ದ ಕಾಲದಲ್ಲಿ. 2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ಎದುರು 2-0ಯಿಂದ ಸೋತ ಭಾರತ, 1928ರಿಂದ ಒಮ್ಮೆಯೂ ತಪ್ಪಿಸದೆ ಆಡಿದ್ದ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. ತಂಡ ಸೋಲುತ್ತಿರುವಾಗ ಹುಡುಗರಿಗೆ ಕಲಿಯಲು ಪುರುಸೊತ್ತು ಯಾರು ಕೊಡುತ್ತಾರೆ? ಕೋಚ್ ಬದಲಾದ ಹಾಗೆಲ್ಲ ಪಟ್ಟಿಯೂ ಬದಲಾಗುತ್ತಿತ್ತು.

ಡ್ರ್ಯಾಗ್ ಫ್ಲಿಕ್ ಮಾಡುವ ಡಿಫೆಂಡರ್‌ಗೆ ಇನ್ನೊಂದು ಕಷ್ಟವಿದೆ. ಒಂದು ತಂಡದಲ್ಲಿ ಅಂಥವರು ಹೆಚ್ಚೆಂದರೆ ಇಬ್ಬರೋ ಮೂವರೋ. ಆ ದಿನಗಳಲ್ಲಿ ಮೊದಲ ಸ್ಥಾನ ಹರಿಯಾಣದ ಸಂದೀಪ್ ಸಿಂಗ್ ಅವರದ್ದು. ಸಂದೀಪ್ ಕಥೆಯೇ ಒಂದು ಮರುಹುಟ್ಟಿನ ಕಥೆ. 2006ರ ಆಗಸ್ಟ್ 22ರಂದು, ವಿಶ್ವಕಪ್‌ಗೆ ಹೊರಟ ತಂಡವನ್ನು ಸೇರಿಕೊಳ್ಳಲು ಶತಾಬ್ದಿ ರೈಲಿನಲ್ಲಿ ಹೋಗುತ್ತಿದ್ದಾಗ ಆಕಸ್ಮಿಕವಾಗಿ ಸಿಡಿದ ಗುಂಡು ತಗುಲಿ ಅವರು ಗಾಲಿಕುರ್ಚಿ ಹಿಡಿದಿದ್ದರು. ಎರಡು ವರ್ಷದಲ್ಲಿ ಮತ್ತೆ ತಂಡದಲ್ಲಿದ್ದರು, 2009ರಲ್ಲಿ ನಾಯಕರೂ ಆದರು. ಆ ಮರಳುವಿಕೆಗೆ ದೇಶವೇ ಚಪ್ಪಾಳೆ ತಟ್ಟಿತು, ತಟ್ಟಲೇಬೇಕಿತ್ತು. ಆದರೆ ಅದೇ ಜಾಗಕ್ಕೆ ಕಾದಿದ್ದ ಇನ್ನೊಬ್ಬ ಯುವಕನ ಪಾಲಿಗೆ ಬಂದದ್ದು ಕಾಯುವ ಕೆಲಸ. 2010ರಲ್ಲಿ ದೆಹಲಿಯಲ್ಲೇ ವಿಶ್ವಕಪ್ ನಡೆದಾಗ ರಘುನಾಥ್ ತಂಡದಲ್ಲಿರಲಿಲ್ಲ. ಆಗವರಿಗೆ ಇಪ್ಪತ್ತೊಂದು ವರ್ಷ. ಆ ವಯಸ್ಸಿಗೆ ಬಹುಪಾಲು ಹುಡುಗರು ಆಟ ಬಿಟ್ಟು ನೌಕರಿ ಹುಡುಕುತ್ತಾರೆ.

ಅವರು ಬಿಡಲಿಲ್ಲ. 2011ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ನಾಬ್ಸ್ ಕೋಚ್ ಆಗಿ ಬಂದ ಮೇಲೆ ಅವರಿಗೆ ಮತ್ತೆ ಬಾಗಿಲು ತೆರೆಯಿತು. 2012ರ ಫೆಬ್ರವರಿ 26ರಂದು ದೆಹಲಿಯಲ್ಲಿ ಫ್ರಾನ್ಸ್ ತಂಡವನ್ನು 8-1ರಿಂದ ಮಣಿಸಿ ಭಾರತ ಒಲಿಂಪಿಕ್ಸ್‌ಗೆ ಮರಳಿದಾಗ ರಘುನಾಥ್ ಆ ತಂಡದಲ್ಲಿದ್ದರು. ಲಂಡನ್‌ನಲ್ಲಿ ಮಾತ್ರ ದುಃಸ್ವಪ್ನ. ಆರಕ್ಕೆ ಆರೂ ಪಂದ್ಯ ಸೋತು ಭಾರತ ಹನ್ನೆರಡನೆಯ, ಅಂದರೆ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಅಂಥ ಸೋಲಿನ ನಂತರ ಮೊದಲ ಏಟು ಬೀಳುವುದು ಡಿಫೆಂಡರ್‌ಗಳ ಮೇಲೆಯೇ.

ಈ ಕಥೆ ತಿರುಗಿದ್ದು ಅಲ್ಲಿಂದ ನಾಲ್ಕು ತಿಂಗಳಿಗೆ. 2012ರ ಡಿಸೆಂಬರ್‌ನಲ್ಲಿ ಹಾಕಿ ಇಂಡಿಯಾ ಲೀಗ್‌ನ ಮೊದಲ ಹರಾಜು ನಡೆಯಿತು. ಸರ್ದಾರ್ ಸಿಂಗ್ ಅವರನ್ನು ದೆಹಲಿ ತಂಡ 78,000 ಡಾಲರ್‌ಗೆ ಕೊಂಡಿತು. ಅದಕ್ಕಿಂತ ಎರಡೇ ಸಾವಿರ ಕಡಿಮೆಗೆ, 76,000 ಡಾಲರ್‌ಗೆ, ಉತ್ತರ ಪ್ರದೇಶ ವಿಜಾರ್ಡ್ಸ್ ಪಾಲಾದವರು ರಘುನಾಥ್. ಒಲಿಂಪಿಕ್ಸ್‌ನಲ್ಲಿ ಕಡೆಯ ಸ್ಥಾನ ಪಡೆದ ತಂಡದ ಹಿಂದಿನ ಸಾಲಿನ ಆಟಗಾರನ ಮೇಲೆ ಯಾರೋ ಅಷ್ಟು ನಂಬಿಕೆ ಇಟ್ಟರು. ಹಣಕ್ಕಿಂತ ದೊಡ್ಡದಾಗಿ ನನಗೆ ಕಾಣುವುದು ಅವರ ಕೈಗೆ ಬಂದ ನಾಯಕತ್ವ. ಕೊಡಗಿನ ಯುವಕ ಲಖನೌದ ತಂಡಕ್ಕೆ ನಾಯಕ. ವಿದೇಶದ ಒಲಿಂಪಿಕ್ ಪದಕ ವಿಜೇತರನ್ನು ಪಕ್ಕದಲ್ಲಿಟ್ಟುಕೊಂಡು, ಯಾರು ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವ ಹೊಣೆ ಅವರದ್ದು. ಡಿಫೆಂಡರ್ ಒಬ್ಬ ಕಲಿಯಬೇಕಾದ ಅತಿ ಕಠಿಣ ಪಾಠವೇ ಆ ಕೂಗು. ಮೈದಾನವಿಡೀ ಕಾಣುವುದು ಹಿಂದೆ ನಿಂತವನಿಗೆ. ಕಂಡದ್ದನ್ನು ಅವನು ಹೇಳದಿದ್ದರೆ ಮುಂದಿನವರಿಗೆ ತಿಳಿಯುವುದಿಲ್ಲ.

ಆಮೇಲಿನದನ್ನು ಬೇಗ ಹೇಳಿಬಿಡಬಹುದು. 2014ರ ಇಂಚಿಯಾನ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಸೋಲಿಸಿ ಹದಿನಾರು ವರ್ಷಗಳ ನಂತರ ಚಿನ್ನ ಗೆದ್ದ ತಂಡದಲ್ಲಿ ರಘುನಾಥ್ ಇದ್ದರು. 2016ರಲ್ಲಿ ಚಾಂಪಿಯನ್ಸ್ ಟ್ರೋಫಿಯ ಬೆಳ್ಳಿ, ಅದೇ ವರ್ಷ ಅರ್ಜುನ ಪ್ರಶಸ್ತಿ, ರಿಯೊ ಒಲಿಂಪಿಕ್ಸ್‌ನ ಮೊದಲ ಪಂದ್ಯದಲ್ಲಿ ಐರ್ಲೆಂಡ್ ವಿರುದ್ಧ ಭಾರತದ ಮೊದಲ ಗೋಲು. 200ಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯ. 2010ರಲ್ಲಿ ಆ ಹುಡುಗನ ಕಥೆ ಮುಗಿಯಿತೆಂದು ಯಾರಾದರೂ ಷರಾ ಬರೆದಿದ್ದರೆ ಇದಾವುದೂ ಇರುತ್ತಿರಲಿಲ್ಲ.

ಡಿಫೆಂಡರ್‌ಗೆ ಎರಡನೆಯ ಅವಕಾಶ ಏಕೆ ಅಷ್ಟು ಬೇಕು ಅನ್ನುವುದು ಆಟದ ಒಳಗನ್ನು ನೋಡಿದರೆ ತಿಳಿಯುತ್ತದೆ. ಪೆನಾಲ್ಟಿ ಕಾರ್ನರ್ ಕೊಟ್ಟಾಗ ಗೋಲ್‌ಕೀಪರ್ ಜೊತೆ ನಾಲ್ವರು ಮಾತ್ರ ಗೋಲಿನ ಗೆರೆಯ ಹಿಂದೆ ನಿಲ್ಲಬಹುದು. ಉಳಿದವರೆಲ್ಲ ಮಧ್ಯಗೆರೆಯ ಆಚೆಗೆ. ಚೆಂಡು ತಳ್ಳಿದ ಕ್ಷಣಕ್ಕೆ ಒಬ್ಬ ಹುಡುಗ ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು ಫ್ಲಿಕ್ ಮಾಡುವವನ ಎದುರಿಗೇ ಓಡುತ್ತಾನೆ. ಅವನನ್ನು ಫಸ್ಟ್ ರಶರ್ ಅನ್ನುತ್ತಾರೆ. ಗಂಟೆಗೆ ನೂರು ಕಿಲೋಮೀಟರ್ ದಾಟಿ ಬರುವ ಗಟ್ಟಿ ಚೆಂಡಿಗೆ ಮೈಯೊಡ್ಡುವುದು ಅವನ ಕೆಲಸ. ಎಡಕ್ಕೆ ಓಡಬೇಕೋ ಬಲಕ್ಕೋ ಅನ್ನುವುದು ಎದುರಾಳಿಯ ಭುಜ ನೋಡಿ, ಅವನ ಹಿಂದಿನ ಹತ್ತು ಫ್ಲಿಕ್ ನೆನೆದು ನಿರ್ಧಾರವಾಗಬೇಕು. ಇಂಥ ತೀರ್ಮಾನ ಪುಸ್ತಕದಲ್ಲಿ ಸಿಗುವುದಿಲ್ಲ, ತಪ್ಪಿ ತಪ್ಪಿ ಬರುತ್ತದೆ. ವೇಗ ಹದಿನೆಂಟಕ್ಕೆ ಬರುತ್ತದೆ, ಆಟವನ್ನು ಓದುವ ಬುದ್ಧಿ ಬರಲು ಇಪ್ಪತ್ತೈದು ಆಗುತ್ತದೆ. ಆ ಏಳು ವರ್ಷ ಹುಡುಗ ಎಲ್ಲಿರುತ್ತಾನೆ, ಯಾರ ಜೊತೆ ಆಡುತ್ತಾನೆ, ಊಟ ಎಲ್ಲಿ ಮಾಡುತ್ತಾನೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಒಡಿಶಾದ ಅಮಿತ್ ರೋಹಿದಾಸ್ ನನ್ನ ಮಟ್ಟಿಗೆ ಇದಕ್ಕೆ ದೊಡ್ಡ ಸಾಕ್ಷಿ. ಸುಂದರ್‌ಗಢ ಜಿಲ್ಲೆಯ ಸೌನಾಮರಾ ಎಂಬ ಹಳ್ಳಿಯವರು. 2013ರ ಏಷ್ಯಾ ಕಪ್‌ನಲ್ಲಿ ಭಾರತಕ್ಕೆ ಆಡಿದ ಅವರು ಆಮೇಲೆ ತಂಡದಿಂದ ಹೊರಬಿದ್ದರು. ಮತ್ತೆ ಗಟ್ಟಿಯಾಗಿ ನೆಲೆಯೂರಿದ್ದು 2017ರಲ್ಲಿ. ನಡುವಿನ ನಾಲ್ಕು ವರ್ಷ ದೇಶ ಅವರ ಹೆಸರನ್ನೇ ಮರೆತಿತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಲವತ್ತೊಂದು ವರ್ಷಗಳ ನಂತರ ಬಂದ ಕಂಚಿನ ಪದಕದ ತಂಡದಲ್ಲಿ ಅವರು ಪೆನಾಲ್ಟಿ ಕಾರ್ನರ್‌ಗೆ ಎದುರೋಡುವ ಮುಖ್ಯ ಆಟಗಾರ. ಅಲ್ಲಿಗೂ ಪರೀಕ್ಷೆ ಮುಗಿಯಲಿಲ್ಲ. ಪ್ಯಾರಿಸ್‌ನಲ್ಲಿ 2024ರ ಆಗಸ್ಟ್ 4ರಂದು ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನ 17ನೆಯ ನಿಮಿಷದಲ್ಲಿ ಅವರ ಸ್ಟಿಕ್ ಎದುರಾಳಿಯ ತಲೆಗೆ ತಗುಲಿ ರೆಡ್ ಕಾರ್ಡ್ ಸಿಕ್ಕಿತು. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಭಾರತ ಹತ್ತೇ ಜನರೊಂದಿಗೆ ಆಡಿ 1-1 ಸಮ ಮಾಡಿಕೊಂಡು, ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ನಿಷೇಧದಿಂದ ಸೆಮಿಫೈನಲ್ ತಪ್ಪಿಸಿಕೊಂಡ ರೋಹಿದಾಸ್ ಸ್ಪೇನ್ ವಿರುದ್ಧದ ಕಂಚಿನ ಪಂದ್ಯಕ್ಕೆ ಮರಳಿದರು, ಭಾರತ 2-1ರಿಂದ ಗೆದ್ದಿತು. ಆ ನಾಲ್ಕು ದಿನಗಳಲ್ಲಿ ತಂಡ ಅವರನ್ನು ಕೈಬಿಡಲಿಲ್ಲ. ಆ ಪದಕ ನೋಡಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಮಂಜುಗಡ್ಡೆಯ ಮೇಲಿನ ಐಸ್ ಹಾಕಿಯಲ್ಲೂ ಕಥೆ ಇದೇ. ಸ್ವೀಡನ್ನಿನ ಡಿಫೆಂಡರ್ ಗುಸ್ತಾವ್ ಫೋರ್ಸ್‌ಲಿಂಗ್ ಅವರನ್ನು ಅಮೆರಿಕದ ತಂಡವೊಂದು 2021ರ ಜನವರಿಯಲ್ಲಿ ಬೇಡವೆಂದು ಬಿಟ್ಟುಕೊಟ್ಟಿತು. ಯಾರು ಬೇಕಾದರೂ ಕರೆದುಕೊಳ್ಳಬಹುದಾಗಿದ್ದ ಆ ಆಟಗಾರನನ್ನು ಫ್ಲಾರಿಡಾ ಪ್ಯಾಂಥರ್ಸ್ ಕರೆದುಕೊಂಡಿತು. ಮೂರು ವರ್ಷದೊಳಗೆ ಅವರು ಆ ತಂಡದ ರಕ್ಷಣೆಯ ಬೆನ್ನೆಲುಬು, 2024ರಲ್ಲಿ ಸ್ಟ್ಯಾನ್ಲಿ ಕಪ್ ವಿಜೇತ. ಆಟಗಾರ ಅದೇ, ಕೈಗಳು ಅವೇ. ಬದಲಾದದ್ದು ಊರು, ಕೋಚ್, ಮತ್ತು ಪಂದ್ಯದಲ್ಲಿ ಸಿಕ್ಕ ನಿಮಿಷಗಳು.

ಇಲ್ಲಿ ಕೊಡಗಿನ ಕಡೆ ಮತ್ತೆ ತಿರುಗಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುಮಾಡಿದಾಗ ಸೇರಿದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡ. ಅಜ್ಜನಿಗೂ ಮೊಮ್ಮಗನಿಗೂ, ಸೊಸೆಗೂ ಅತ್ತೆಗೂ ಒಂದೇ ತಂಡದಲ್ಲಿ ಜಾಗ. ಪ್ರತಿ ವರ್ಷ ಒಂದು ಕುಟುಂಬ ಹೊಣೆ ಹೊರುತ್ತದೆ. ಈ ಹಬ್ಬದ ಬಗ್ಗೆ ಬರೆದವರೆಲ್ಲ ದಾಖಲೆಯ ಸಂಖ್ಯೆಯನ್ನೇ ಹೇಳುತ್ತಾರೆ. ನನಗೆ ಮುಖ್ಯವಾಗಿ ತೋರುವುದು ಬೇರೆ. ರಾಜ್ಯ ತಂಡದಿಂದ, ಕ್ರೀಡಾ ವಸತಿ ನಿಲಯದಿಂದ, ಕ್ಯಾಂಪಿನಿಂದ ವಾಪಸ್ ಬಂದ ಹುಡುಗ ಅಲ್ಲಿ ಮರುವರ್ಷ ಮನೆಯವರ ಜೊತೆ ಮತ್ತೆ ಸ್ಟಿಕ್ ಹಿಡಿಯಬಹುದು. ಅವನು ಸೋತು ಬಂದವನೆಂದು ಆ ಮೈದಾನದಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಆ ಗಾಳಿ ಕುಟುಂಬಗಳ ಎಲ್ಲೆ ದಾಟಿ ಜಿಲ್ಲೆಗೆಲ್ಲ ಹಬ್ಬಿದೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಂದದ್ದೂ ಆ ಮಣ್ಣಿನಿಂದ. ಕೂಡಿಗೆ, ಪೊನ್ನಂಪೇಟೆಯ ಕ್ರೀಡಾ ಶಾಲೆಗಳಿಗೆ ಬಲ ಬಂದಿರುವುದೂ ಸುತ್ತ ಇಂಥ ಊರುಗಳು ಇರುವುದರಿಂದಲೇ.

ಹಾಗಿದ್ದೂ ಕರ್ನಾಟಕದ ಹಾಕಿಗೆ ಈಗ ಹೊಸ ಆರಂಭ ಬೇಕಾಗಿದೆ. ರಿಯೊಗೆ ಹೋದ ಭಾರತ ತಂಡದಲ್ಲಿ ಕೊಡಗಿನ ನಾಲ್ವರಿದ್ದರು. ರಘುನಾಥ್, ಸುನಿಲ್, ನಿಕಿನ್ ತಿಮ್ಮಯ್ಯ, ಎಸ್.ಕೆ. ಉತ್ತಪ್ಪ. ಟೋಕಿಯೊದಲ್ಲಿ ಕಂಚು ಗೆದ್ದ ಪುರುಷರ ತಂಡದಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ. ಪ್ಯಾರಿಸ್‌ನಲ್ಲೂ ಇರಲಿಲ್ಲ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥವರು ಆಡಿದ ರಾಜ್ಯಕ್ಕೆ ಇದು ನೋವಿನ ಸಂಗತಿ. ಭಾರತ ತಂಡದ ಶಿಬಿರ ನಡೆಯುವುದು ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಬೆಂಗಳೂರು ಕೇಂದ್ರದಲ್ಲಿ. ದೇಶಕ್ಕೆಲ್ಲ ಹಾಕಿ ಕಲಿಸುವ ಮೈದಾನ ನಮ್ಮಲ್ಲಿದೆ, ಆಡುವ ಹುಡುಗರು ಬೇರೆ ರಾಜ್ಯದವರು. 2017ರ ನಂತರ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾದಾಗ ಎಂಟು ತಂಡಗಳಿದ್ದವು. ಹೈದರಾಬಾದ್‌ಗೆ ಒಂದು, ತಮಿಳುನಾಡಿಗೆ ಒಂದು. ಕರ್ನಾಟಕಕ್ಕೆ ಇಲ್ಲ. ರಘುನಾಥ್ ಅವರನ್ನು ಮೇಲೆತ್ತಿದಂಥ ಲೀಗಿನಲ್ಲಿ ನಮ್ಮ ಹುಡುಗರಿಗೆ ತಮ್ಮದೆನ್ನುವ ಮನೆಯಿಲ್ಲ.

ಆ ಎಂಟರಲ್ಲಿ ಸೂರ್ಮಾ ಹಾಕಿ ಕ್ಲಬ್ ಕೂಡ ಒಂದು. ಅದರ ಒಡೆತನ ಜೆಎಸ್‌ಡಬ್ಲ್ಯು ಸಮೂಹದ್ದು, ತಂಡ ಪಂಜಾಬ್ ಮತ್ತು ಹರಿಯಾಣದ್ದು. ಆ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ ಇರುವುದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ. ಅಲ್ಲೇ 2018ರಲ್ಲಿ ಅವರು ಕಟ್ಟಿದ ಕ್ರೀಡಾ ಸಂಸ್ಥೆ ದೇಶದ ಉತ್ತಮ ತರಬೇತಿ ಕೇಂದ್ರಗಳಲ್ಲಿ ಒಂದು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗೆ ಅಲ್ಲಿ ಎಲ್ಲ ಸೌಕರ್ಯ ಬಂತು. ಶುರುವಿನಲ್ಲಿ ಆಯ್ದುಕೊಂಡ ಆಟಗಳಲ್ಲಿ ಹಾಕಿ ಇರಲಿಲ್ಲ. ಹಾಕಿ ತಂಡಕ್ಕೆ ಹಣ ಹಾಕುವ ಮನಸ್ಸೂ, ಕ್ರೀಡಾ ಶಾಲೆ ನಡೆಸುವ ಅನುಭವವೂ ಇರುವ ಸಂಸ್ಥೆ ಮಾನ್ವಿಗೆ ಇಷ್ಟು ಹತ್ತಿರದಲ್ಲಿದೆ. ಈ ಎರಡನ್ನೂ ಜೋಡಿಸಿ ಎಂದು ಈ ಭಾಗದ ಶಾಸಕರು, ಸಂಸದರು ಹೋಗಿ ಕೇಳಬೇಕು. ಕೇಳುವುದಕ್ಕೆ ದುಡ್ಡು ಬೇಕಿಲ್ಲ.

ರಾಯಚೂರು ಹಿಂದುಳಿದ ಜಿಲ್ಲೆ, ಹೊಟ್ಟೆಪಾಡೇ ಕಷ್ಟ, ಹಾಕಿ ಎಲ್ಲಿಂದ ತರೋದು ಅನ್ನುವವರಿಗೆ ಸುಂದರ್‌ಗಢದ ಕಥೆ ಹೇಳಬೇಕು. ಅದೂ ಗಣಿ ಮತ್ತು ಕಾಡಿನ ಜಿಲ್ಲೆ, ಆದಿವಾಸಿಗಳ ಜಿಲ್ಲೆ, ದುಡಿಯಲು ಊರು ಬಿಡುವವರ ಜಿಲ್ಲೆ. ರೋಹಿದಾಸ್ ಅವರ ಸೌನಾಮರಾದಿಂದಲೇ ಬಂದ ಫುಲ್‌ಬ್ಯಾಕ್ ದಿಲೀಪ್ ತಿರ್ಕೆ ಮೂರು ಒಲಿಂಪಿಕ್ಸ್ ಆಡಿ, ನಾಲ್ಕುನೂರಕ್ಕೂ ಹೆಚ್ಚು ಪಂದ್ಯ ಕಂಡು, 2022ರಲ್ಲಿ ಹಾಕಿ ಇಂಡಿಯಾದ ಅಧ್ಯಕ್ಷರಾದರು. ಒಂದೇ ಹಳ್ಳಿ, ಇಬ್ಬರು ಡಿಫೆಂಡರ್‌ಗಳು. ಆ ಕಡೆ ಹಳ್ಳಿಗಳಲ್ಲಿ ಹಾಕಿ ಟೂರ್ನಿ ನಡೆಯುತ್ತದೆ, ಗೆದ್ದ ತಂಡಕ್ಕೆ ಆಡು ಬಹುಮಾನ. ಆಡು ಗೆದ್ದವರು ಊರಿಗೆ ತಂದು ಅಡುಗೆ ಮಾಡಿ ಎಲ್ಲರೂ ಉಣ್ಣುತ್ತಾರೆ. ಬರಿಗಾಲು, ಬಿದಿರಿನ ಸ್ಟಿಕ್, ಒಣಗಿದ ಗದ್ದೆ, ಅಲ್ಲಿಂದ ಆಟ ಮೇಲೆದ್ದಿತು. ರೂರ್ಕೆಲಾದ ಪಾನ್‌ಪೋಶ್ ಕ್ರೀಡಾ ಹಾಸ್ಟೆಲ್, ಆಮೇಲೆ 17 ಬ್ಲಾಕ್‌ಗಳಲ್ಲೂ ಟರ್ಫ್ ಹಾಸುವ ಯೋಜನೆ, 2023ರ ವಿಶ್ವಕಪ್‌ಗೆ ಬಿರ್ಸಾ ಮುಂಡಾ ಕ್ರೀಡಾಂಗಣ, ಎಲ್ಲ ಬಂದದ್ದು ಆಮೇಲೆ. ಮೊದಲು ಹಳ್ಳಿಯ ಟೂರ್ನಿ, ನಂತರ ಸರ್ಕಾರ.

ನಮ್ಮಲ್ಲಿ ಏನು ಕಡಿಮೆ? ಭತ್ತ ಕೊಯ್ದ ಮೇಲೆ ಹಿರೇಕೊಟ್ನೆಕಲ್ ಸುತ್ತ ಗದ್ದೆ ಬಯಲಾಗುತ್ತದೆ. ಕಬಡ್ಡಿಯಲ್ಲಿ ಎದುರಾಳಿಯ ಕಣಕಾಲಿಗೆ ಕಣ್ಣಿಟ್ಟು ಸೊಂಟ ಬಗ್ಗಿಸಿ ನಿಲ್ಲುವ ಹುಡುಗನಿಗೆ ಹಾಕಿಯ ಟ್ಯಾಕಲ್ ಹೊಸ ಭಾಷೆಯಲ್ಲ. ದುಂಬಾಲು ಬೀಳದೆ, ದೂರ ಕಾಯ್ದುಕೊಂಡು, ಎದುರಾಳಿಯೇ ತಪ್ಪುವ ತನಕ ತಾಳುವುದು ಎರಡೂ ಆಟದಲ್ಲಿ ಒಂದೇ. ಬೇಸಿಗೆಯ ನಲವತ್ತು ಡಿಗ್ರಿ ಬಿಸಿಲಲ್ಲಿ ಆಡುವ ಮೈಗಟ್ಟು ಇಲ್ಲಿಯವರಿಗೆ ಹುಟ್ಟಿನಿಂದ ಬಂದಿದೆ. ಕೊರತೆ ಇರುವುದು ಕ್ರೀಡೆಯ ಹಣ ಇಲ್ಲಿಯವರೆಗೆ ಹರಿದು ಬರುವ ದಾರಿಯಲ್ಲಿ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ರೈತನಿಗೆ ನೀರು ತಲುಪುವ ಹೊತ್ತಿಗೆ ಮೇಲಿನವರ ಗದ್ದೆಯೆಲ್ಲ ತುಂಬಿರುತ್ತದಲ್ಲ, ಟರ್ಫ್, ಕೋಚ್, ಹಾಸ್ಟೆಲ್ ಕೂಡ ಹಾಗೇ ಬರುತ್ತವೆ. ಸಂವಿಧಾನದ 371(ಜೆ) ಕಲಂ ನಮಗೆ ಓದಿನಲ್ಲಿ, ನೌಕರಿಯಲ್ಲಿ ಪಾಲು ಕೊಟ್ಟಿದೆ. ಆಟದ ಮೈದಾನದಲ್ಲೂ ಪಾಲು ಕೇಳುವ ಧ್ವನಿ ಇನ್ನೂ ಜೋರಾಗಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಕಟ್ಟಡಗಳು ಏಳುತ್ತವೆ. ಅದರಲ್ಲಿ ಒಂದು ಪಾಲು ಐದು ವರ್ಷ ಒಂದೇ ಊರಲ್ಲಿ ನಿಲ್ಲುವ ಒಬ್ಬ ಹಾಕಿ ಕೋಚ್‌ಗೆ ಸಂಬಳವಾಗಲಿ. ಕಟ್ಟಡಕ್ಕಿಂತ ಅದು ಅಗ್ಗ.

ಇನ್ನೂ ಒಂದು ಮಾತಿದೆ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಈ ಭಾಗದಿಂದ ಯಾವುದೋ ಆಟಕ್ಕೆ ದೂರದ ಕ್ರೀಡಾ ಹಾಸ್ಟೆಲ್ ಸೇರಿದ ಹುಡುಗ ಹದಿನೇಳಕ್ಕೆ ಪಟ್ಟಿಯಿಂದ ಬಿದ್ದರೆ ರಾತ್ರಿ ಬಸ್ಸು ಹತ್ತಿ ಊರಿಗೆ ಬರುತ್ತಾನೆ. ಊರಲ್ಲಿ ಅವನಿಗೆ ಆಡಲು ಏನೂ ಇರುವುದಿಲ್ಲ. ಕೆಲವು ತಿಂಗಳಲ್ಲಿ ಅವನು ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸಕ್ಕೋ ಡೆಲಿವರಿ ಕೆಲಸಕ್ಕೋ ಹೊರಡುತ್ತಾನೆ. ದುಡಿಮೆ ಕೀಳಲ್ಲ. ಆದರೆ ಇಪ್ಪತ್ತೊಂದರಲ್ಲಿ ತಂಡ ತಪ್ಪಿದ ರಘುನಾಥ್ ಇಪ್ಪತ್ತೈದಕ್ಕೆ ಏಷ್ಯಾದ ಚಿನ್ನ ಗೆದ್ದದ್ದು ನಡುವೆ ಆಡುತ್ತಲೇ ಇದ್ದದ್ದರಿಂದ. ರೋಹಿದಾಸ್ ನಾಲ್ಕು ವರ್ಷ ಮರೆಯಲ್ಲಿದ್ದು ಮರಳಿದ್ದೂ ಆಡುತ್ತಲೇ ಇದ್ದದ್ದರಿಂದ. ನಮ್ಮ ಹುಡುಗರಿಗೆ ಸಿಗದೆ ಹೋಗುವುದು ಆ ನಡುವಿನ ಕಾಲದ ಆಟ.

ಆದ್ದರಿಂದ ಟರ್ಫ್ ಬರುವ ತನಕ ಕಾಯದೆ ಮಾನ್ವಿ, ದೇವದುರ್ಗ, ರಾಯಚೂರು ಕಡೆಯ ಊರುಗಳು ಕೂಡಿ ಸುಗ್ಗಿ ಮುಗಿದ ಮೇಲೆ ಮಣ್ಣಿನ ಮೈದಾನದಲ್ಲಿ ಒಂದು ಹಾಕಿ ಟೂರ್ನಿ ಶುರುಮಾಡಲಿ ಅನ್ನುವುದು ನನ್ನ ಕೋರಿಕೆ. ಹನ್ನೊಂದು ಜನ ಸಿಗದಿದ್ದರೆ ಐದೈದು ಜನರ ತಂಡ ಸಾಕು, 2024ರಲ್ಲಿ ಐವರ ಹಾಕಿಗೂ ವಿಶ್ವಕಪ್ ನಡೆದಿದೆ. ಒಡಿಶಾದವರು ಆಡು ಕೊಟ್ಟರೆ ನಾವು ಟಗರು ಕೊಡೋಣ, ಇಲ್ಲಿ ಟಗರಿಗಿಂತ ದೊಡ್ಡ ಬಹುಮಾನ ಬೇಕೇ? ನಿಯಮಗಳನ್ನು ಊರ ಹಿರಿಯರು, ಶಾಲೆಯ ದೈಹಿಕ ಶಿಕ್ಷಕರು ಕೂತು ಬರೆಯಲಿ. ಬರೆಯುವಾಗ ಒಂದು ಸಾಲು ಸೇರಿಸಲಿ: ಹಾಸ್ಟೆಲ್‌ನಿಂದ, ಅಕಾಡೆಮಿಯಿಂದ, ಆಯ್ಕೆ ಶಿಬಿರದಿಂದ ಹೊರಬಿದ್ದು ಊರಿಗೆ ಬಂದ ಹುಡುಗ ಹುಡುಗಿಯರಿಗೆ ಪ್ರತಿ ತಂಡದಲ್ಲೂ ಒಂದು ಜಾಗ ಕಡ್ಡಾಯ, ಅವರು ಹಿಂದೆ ಆಡಿದ್ದು ಯಾವ ಆಟವೇ ಆಗಿರಲಿ.